ನೀರು ಬರಲ್ಲ ಅನ್ನಬಹುದು, ಯಾಕೆ ಅಂತ ಕೇಳುವ ಹಾಗಿಲ್ಲ

ರಜೆ ಸಿಕ್ಕಾಗಲೆಲ್ಲ ನಾನು ಒಂದು ಸಮುದಾಯ ರೇಡಿಯೋ ಕೇಂದ್ರದಲ್ಲಿ, ಅಂದರೆ ಊರಿನವರಿಗಾಗಿ ಊರಿನವರೇ ನಡೆಸುವ ಚಿಕ್ಕ ರೇಡಿಯೋದಲ್ಲಿ, ರೆಕಾರ್ಡಿಂಗ್ ಮಾಡುತ್ತೇನೆ. ಟ್ರಾನ್ಸ್‌ಮಿಟರ್ 100 ವಾಟ್‌ನದು. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಬರೀ ಗೊರಗೊರ ಸದ್ದು. ಆದರೆ ಅದರೊಳಗೆ ಕೇಳುವವರಿಗೂ ಮಾತಾಡುವವರಿಗೂ ಮುಖ ಪರಿಚಯ ಇರುತ್ತದೆ. ನನಗೆ ಈ ಕೆಲಸ ಹಿಡಿಸಿದ್ದು ಅದಕ್ಕೇ.

ಹಾಡುವವರ ವಿಷಯ ಮೊದಲು ಹೇಳುತ್ತೇನೆ. ಆಕಾಶವಾಣಿಯಲ್ಲಿ ಧ್ವನಿ ಪರೀಕ್ಷೆ ಇದೆ, ಬಿ, ಬಿ ಹೈ, ಎ ಅಂತ ಗ್ರೇಡ್ ಇದೆ. ಅದಕ್ಕೆ ಅದರದೇ ಬೆಲೆ ಇದೆ. ಆದರೆ ಸೋಬಾನೆ ಹಾಡುವ ಹೆಂಗಸರು ಯಾವ ಪರೀಕ್ಷೆಗೆ ಹೋಗಬೇಕು? ಅವರಲ್ಲಿ ಒಬ್ಬರನ್ನೇ ಮೈಕ್ ಮುಂದೆ ಕೂರಿಸಿ ಹಾಡಿ ಅಂದರೆ ಸಾಲೇ ನೆನಪಿಗೆ ಬರುವುದಿಲ್ಲ. ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಹಾಗಾಗಿ ನೆಲಕ್ಕೆ ಚಾಪೆ ಹಾಸಿ, ನಡುವೆ ಒಂದೇ ಮೈಕ್ ಇಟ್ಟು, ಸುತ್ತ ಎಲ್ಲರನ್ನೂ ಕೂರಿಸುತ್ತೇವೆ. ಬಳೆ ಸದ್ದೂ ಬರುತ್ತದೆ, ಬರಲಿ. ನಡುವೆ ಯಾರಾದರೂ "ಅಯ್ಯೋ, ಆ ಸಾಲು ಮುಂದೆ ಬರ್ತದೆ ಕಣಕ್ಕ" ಅಂದರೆ ಅದನ್ನೂ ನಾನು ಕತ್ತರಿಸುವುದಿಲ್ಲ.

ನೀರಿನಂಥ ಊರಿನ ಕಷ್ಟಗಳಿಗಾಗಿ ಹೋರಾಡುವವರೂ ಮೈಕ್ ಮುಂದೆ ಬರುತ್ತಾರೆ. ಅವರ ವಿಷಯ ಇಷ್ಟು ಸಲೀಸಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ದೇಶದಲ್ಲಿ ರೇಡಿಯೋ ತರಂಗ ಸರ್ಕಾರದ ಸ್ವತ್ತಲ್ಲ, ಜನರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆ ಕೇಸು ಶುರುವಾಗಿದ್ದು ಕ್ರಿಕೆಟ್ ಪ್ರಸಾರದ ಜಗಳದಿಂದ! ಆದರೂ ಸ್ವಂತ ರೇಡಿಯೋ ನಡೆಸಲು ಕಾಲೇಜುಗಳಿಗೆ ಅನುಮತಿ ಸಿಕ್ಕಿದ್ದು 2002ರ ಹೊತ್ತಿಗೆ, ಊರುಕೇರಿಯ ಸಂಸ್ಥೆಗಳಿಗೆ 2006ರಲ್ಲಿ. ಅಷ್ಟರೊಳಗೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾದು ಕೂರಲಿಲ್ಲ. ತರಂಗ ಬಳಸಲು ಅನುಮತಿ ಇಲ್ಲ ಅಂದಾಗ ತಮ್ಮ 'ನಮ್ಮ ಧ್ವನಿ' ರೇಡಿಯೋವನ್ನು ಕೇಬಲ್ ತಂತಿಯಲ್ಲೇ ಮನೆಮನೆಗೆ ಮುಟ್ಟಿಸಿದರು. ತೆಲಂಗಾಣದ ಮಾಚನೂರಿನಲ್ಲಿ 2008ರಲ್ಲಿ ಶುರುವಾದ ಸಂಗಂ ರೇಡಿಯೋವನ್ನು ನಡೆಸಿದವರು ದಲಿತ ಹೆಣ್ಣುಮಕ್ಕಳು. ಬೀಜ, ಬೇಸಾಯ, ಹಾಡು ಎಲ್ಲ ಅವರ ಆಡುಮಾತಲ್ಲೇ.

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇದೆ. ಸಮುದಾಯ ರೇಡಿಯೋ ತನ್ನದೇ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು, ಅಷ್ಟೇ. ನೀರು, ಕರೆಂಟಿನ ಪ್ರಕಟಣೆಗೆ ಅಡ್ಡಿಯಿಲ್ಲ. ಅಂದರೆ "ನಾಳೆ ನೀರು ಬರಲ್ಲ" ಅನ್ನಬಹುದು. ಟ್ಯಾಂಕ್ ಕಟ್ಟಿ ಇಷ್ಟು ವರ್ಷವಾದರೂ ಯಾಕೆ ಬರಲ್ಲ ಅಂತ ನೀರಿಗಾಗಿ ಓಡಾಡುವ ಅಕ್ಕ ಒಬ್ಬರು ಮೈಕ್ ಮುಂದೆ ಕೇಳಿದರೆ, ಅದು ಸುದ್ದಿಯಾಗುತ್ತಾ ಅಂತ ನಾವು ತಲೆ ಕೆಡಿಸಿಕೊಳ್ಳಬೇಕು. ಅವರ ಮಾತು ಎಡಿಟ್ ಮಾಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಮಾತಾಡುವುದಕ್ಕೇ ಕರೆಸಿಕೊಂಡು ಮುಖ್ಯವಾದ ಮಾತನ್ನೇ ತೆಗೆಯುವುದು ಅಂದರೆ ಏನು?

ಅದಕ್ಕೆ ಈಗ ಆ ಅಕ್ಕನೇ ಒಂದು ದಾರಿ ಹುಡುಕಿದ್ದಾರೆ. ದೂರು ಹೇಳುವ ಬದಲು ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಕಲಿಸುತ್ತಾರೆ. ಯಾರ ಹೆಸರಿಗೆ ಬರೆಯಬೇಕು, 10 ರೂಪಾಯಿ ಶುಲ್ಕ ಹೇಗೆ ಕಟ್ಟಬೇಕು, ಬಿಪಿಎಲ್‌ನವರು ಅದನ್ನೂ ಕೊಡಬೇಕಿಲ್ಲ, 30 ದಿನದಲ್ಲಿ ಉತ್ತರ ಬರಬೇಕು, ಹೀಗೆ. ಪ್ರತಿ ಸಲ ಒಂದು ಮಾದರಿ ಅರ್ಜಿ ಓದುತ್ತಾರೆ. ಮಾದರಿಗೆ ಅವರು ಆರಿಸಿಕೊಳ್ಳುವುದು ಯಾವಾಗಲೂ ನೀರಿನ ಟ್ಯಾಂಕ್. ಕಾರ್ಯಕ್ರಮ ಮುಗಿದ ಮೇಲೆ ಕೇಂದ್ರಕ್ಕೆ ಫೋನ್ ಮಾಡಿ "ಇನ್ನೊಂದ್ಸಲ ನಿಧಾನಕ್ಕೆ ಓದ್ಸಿ, ಬರ್ಕೋತೀವಿ" ಅನ್ನುವವರು ಇದ್ದಾರೆ. ಓದಿಸುತ್ತೇವೆ.

ಆದರೂ ಇದು ಸುತ್ತುದಾರಿ. ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ಜೋಪಾನ ಮಾಡಿ ಇಡಬೇಕು ಅಂತ ನಿಯಮ ಈಗಲೇ ಇದೆ. ಯಾರಾದರೂ ತಪ್ಪು ಹೇಳಿದರೆ ಹಿಡಿದು ಕೇಳಲು ಅಷ್ಟು ಸಾಕಲ್ವಾ? ಊರಿನ ಸುದ್ದಿಯನ್ನು ಊರಿನ ರೇಡಿಯೋ ಹೇಳಲು ಬಿಡಿ ಅನ್ನುವುದೇ ನಮ್ಮ ಕೇಳಿಕೆ. ಆ ಅಕ್ಕನ ಮಾತನ್ನು ನಾನು ಪೂರ್ತಿ ಹಾಕಬೇಕು.