ಇಂಟೀರಿಯರ್ ಡಿಸೈನ್ ಮೇಷ್ಟ್ರುಗಳು ಎಲ್ಲಿಂದ ಬರುತ್ತಾರೆ?

ಪಿಯುಸಿ ಫಲಿತಾಂಶ ಬಂದ ಕೂಡಲೇ ಡಿಸೈನ್ ಕಾಲೇಜುಗಳ ಹುಡುಕಾಟ ಶುರುವಾಗುತ್ತದೆ. ಫೀಸು, ಹಾಸ್ಟೆಲ್ಲು, ಪ್ಲೇಸ್‌ಮೆಂಟು ಇವನ್ನೆಲ್ಲ ಅಪ್ಪ ಅಮ್ಮ ಕೂತು ಲೆಕ್ಕ ಹಾಕುತ್ತಾರೆ. ಅಧ್ಯಾಪಕರ ಪಟ್ಟಿಗೆ ಬಂದಾಗ ಮಾತ್ರ ಕೇಳುವುದು ಒಂದೇ: ಪಿಎಚ್‌ಡಿ ಆದವರು ಎಷ್ಟು ಜನ ಇದ್ದಾರೆ? ಇಂಟೀರಿಯರ್ ಡಿಸೈನ್ ಮಟ್ಟಿಗೆ ಅತಿ ಕಡಿಮೆ ಸುಳಿವು ಕೊಡುವ ಅಂಕಿ ಅದು. ಯಾವ ವಿಷಯವನ್ನು ಯಾರು ಕಲಿಸುತ್ತಾರೆ, ಅವರ ಮೂಲ ಓದು ಯಾವುದು, ಸೈಟಿಗೆ ಕಾಲಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ವಿಭಾಗದಿಂದ ಹೊರಬರುವ ಹುಡುಗ ಹುಡುಗಿಯರು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಮೊದಲೇ ಹೇಳಬಹುದು.

ಆರ್ಕಿಟೆಕ್ಟ್ ಎಂಬ ಹೆಸರಿಗೆ 1972ರ ಕಾಯ್ದೆಯ ರಕ್ಷಣೆ ಇದೆ, ಕೌನ್ಸಿಲ್ ಇದೆ, ನೋಂದಣಿ ಇದೆ. ಇಂಟೀರಿಯರ್ ಡಿಸೈನರ್‌ಗೆ ಇವು ಯಾವುವೂ ಇಲ್ಲ. ಅದೇ 1972ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ವೃತ್ತಿಪರರ ಸಂಘವೇ ಹೊರತು ಲೈಸೆನ್ಸ್ ಕೊಡುವ ಸಂಸ್ಥೆಯಲ್ಲ. ಹಾಗಾಗಿ ಈ ವಿಭಾಗವನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ತೀರ್ಮಾನಿಸುತ್ತದೆ. ಕೆಲವೆಡೆ ಅದು ಆರ್ಕಿಟೆಕ್ಚರ್ ಜೊತೆ, ಕೆಲವೆಡೆ ಹೋಮ್ ಸೈನ್ಸ್ ಜೊತೆ, ಇನ್ನು ಕೆಲವೆಡೆ ಕಲೆ ಮತ್ತು ಡಿಸೈನ್ ಜೊತೆ. ವಿಭಾಗ ಎಲ್ಲಿ ಕೂತಿದೆಯೋ ಮೇಷ್ಟ್ರುಗಳೂ ಬಹುಮಟ್ಟಿಗೆ ಆ ಕಡೆಯವರೇ.

ಆರ್ಕಿಟೆಕ್ಚರ್ ಮನೆತನಕ್ಕೆ ಒಳ್ಳೆಯ ಉದಾಹರಣೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ. ಆರ್ಕಿಟೆಕ್ಟ್ ಬಿ.ವಿ. ದೋಶಿ ಅಲ್ಲಿ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಕಟ್ಟಿದ್ದು 1962ರಲ್ಲಿ, ಇಂಟೀರಿಯರ್ ಡಿಸೈನ್ ಶಾಲೆ ಶುರುವಾದದ್ದು 1991ರಲ್ಲಿ. ಹೀಗೆ ಬೆಳೆದ ಕಡೆ ಮೇಷ್ಟ್ರುಗಳಲ್ಲಿ ಆರ್ಕಿಟೆಕ್ಟ್‌ಗಳು ಹೆಚ್ಚಿರುವುದು ಸಹಜ. ಅವರಿಂದ ಸಿಗುವುದೇನೂ ಸಣ್ಣದಲ್ಲ: ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಬರೆದ ಚಿತ್ರದಲ್ಲಿ, ಯೋಚಿಸುವ ಅಭ್ಯಾಸ, ಬೆಳಕು ಗಾಳಿಯ ಲೆಕ್ಕ, ಯಾವ ಗೋಡೆ ಒಡೆಯಬಹುದು ಯಾವುದನ್ನು ಮುಟ್ಟಬಾರದು ಎಂಬ ಅರಿವು, ನ್ಯಾಷನಲ್ ಬಿಲ್ಡಿಂಗ್ ಕೋಡ್ ತೆರೆದು ನೋಡುವ ಶಿಸ್ತು.

ತೊಂದರೆ ಶುರುವಾಗುವುದು ಸ್ಕೇಲ್ ಬದಲಾದಾಗ. ನೂರು ಪಟ್ಟು ಕುಗ್ಗಿಸಿ ಬರೆಯುವ 1:100ರಲ್ಲಿ ಪಳಗಿದ ಕೈಗೆ ಐದೇ ಪಟ್ಟು ಕುಗ್ಗಿಸುವ 1:5 ಸುಲಭಕ್ಕೆ ಒಗ್ಗುವುದಿಲ್ಲ. ವಾರ್ಡ್‌ರೋಬನ್ನೇ ತಗೊಳ್ಳಿ. ಪ್ಲಾನಿನಲ್ಲಿ ಅದು 600 ಮಿ.ಮೀ. ಆಳದ ಒಂದು ಆಯತ, ಅಷ್ಟೇ. ತೆರೆಯುವ ಬಾಗಿಲಾದರೆ 19 ಮಿ.ಮೀ. ಶಟರ್, ಹಿಂದೆ 6 ಮಿ.ಮೀ. ಪ್ಲೈ ಕಳೆದು ಒಳಗೆ ಸುಮಾರು 570 ಉಳಿಯುತ್ತದೆ, ಅಂಗಿ ನೇತುಹಾಕಲು ಸಾಕು. ಅದೇ ಆಯತಕ್ಕೆ ವಿದ್ಯಾರ್ಥಿ ಸ್ಲೈಡಿಂಗ್ ಬಾಗಿಲು ಬರೆದರೆ ಎರಡು ಸಾಲು ಟ್ರ್ಯಾಕ್ 80ರಿಂದ 100 ಮಿ.ಮೀ. ತಿನ್ನುತ್ತದೆ, ಕೋಟಿನ ತೋಳು ಬಾಗಿಲಿಗೆ ಉಜ್ಜುತ್ತದೆ. ಸರಿ, 650 ಮಾಡೋಣ ಎಂದರೆ ಇನ್ನೊಂದು ಪೇಚು. ಪ್ಲೈವುಡ್ ಹಾಳೆ ಬರುವುದು 2440 × 1220 ಅಳತೆಯಲ್ಲಿ. 600ರ ಪಟ್ಟಿ ಎರಡು ಬರುತ್ತವೆ, ಗರಗಸದ ಬಾಯಿಗೆ ಮೂರು ನಾಲ್ಕು ಮಿಲಿಮೀಟರ್ ಹೋದರೂ ನಡೆಯುತ್ತದೆ. 650 ಇರಲಿ, 620 ಮಾಡಿದರೂ ಹಾಳೆಗೆ ಒಂದೇ ಪಟ್ಟಿ, ಉಳಿದ ಅರ್ಧಕ್ಕೆ ಬೇರೆ ಕೆಲಸ ಹುಡುಕಬೇಕು. ಅದಕ್ಕೇ ಅನುಭವಸ್ಥ ಬಡಗಿ ಪೆಟ್ಟಿಗೆಯನ್ನು 600ಕ್ಕೇ ನಿಲ್ಲಿಸಿ, ಶಟರನ್ನು ಪೆಟ್ಟಿಗೆಯ ಮುಂದೆ ಓಡುವ ಟ್ರ್ಯಾಕಿಗೆ ಹಾಕೋಣ ಅನ್ನುತ್ತಾನೆ. ಈ ಮಾತನ್ನು ವಿದ್ಯಾರ್ಥಿಗೆ ಕ್ಲಾಸಿನಲ್ಲಿ ಹೇಳುವವರು ಇದ್ದಾರೆಯೇ? ಪಟ್ಟಿಯಲ್ಲಿ ಹುಡುಕಬೇಕಾದ್ದು ಅವರನ್ನು.

ಹೋಮ್ ಸೈನ್ಸ್ ಕಡೆಯವರನ್ನು ಡಿಸೈನ್ ಜಗತ್ತು ಸ್ವಲ್ಪ ಕೆಳಗಣ್ಣಿನಿಂದ ನೋಡುತ್ತದೆ. ಅದು ತಪ್ಪು. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯ ಹೋಮ್ ಸೈನ್ಸ್ ಪತ್ರಿಕೆಯ ಹತ್ತು ಘಟಕಗಳಲ್ಲಿ ಒಂದು ಪೂರ್ತಿ ಘಟಕ ವಸತಿ ಮತ್ತು ಇಂಟೀರಿಯರ್ ಡಿಸೈನಿಗೇ ಮೀಸಲು. ಇಂಟೀರಿಯರ್ ಡಿಸೈನಿಗೆ ಪ್ರತ್ಯೇಕ ನೆಟ್ ಪತ್ರಿಕೆಯೇ ಇಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಮ್ಮಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹಿಂದಿನ ಗ್ರಾಮೀಣ ಗೃಹ ವಿಜ್ಞಾನ ಕಾಲೇಜಿನಂಥ ಕಡೆ ಕುಟುಂಬ ಸಂಪನ್ಮೂಲ ನಿರ್ವಹಣೆ ಎಂಬ ಶಾಖೆ ಹೆಂಗಸರ ಮನೆಗೆಲಸದ ಶ್ರಮವನ್ನು ಅಳೆಯುವ ವಿದ್ಯೆಯನ್ನೇ ಹೇಳಿಕೊಟ್ಟಿದೆ. ಅಮೆರಿಕದಲ್ಲೂ ಕಥೆ ಬೇರೆಯಲ್ಲ: ಕಾರ್ನೆಲ್ ವಿಶ್ವವಿದ್ಯಾಲಯದ ಡಿಸೈನ್ ವಿಭಾಗ ಇರುವುದು ಕಾಲೇಜ್ ಆಫ್ ಹ್ಯೂಮನ್ ಇಕಾಲಜಿಯಲ್ಲಿ, 1969ರ ತನಕ ಅದರ ಹೆಸರು ಕಾಲೇಜ್ ಆಫ್ ಹೋಮ್ ಎಕನಾಮಿಕ್ಸ್.

ಈ ಓದಿನವರ ಹತ್ತಿರ ಅಡುಗೆ ಕಟ್ಟೆಯ ಎತ್ತರ ಕೇಳಿ. 850 ಮಿ.ಮೀ. ಎಂದು ಬಾಯಿಪಾಠ ಒಪ್ಪಿಸುವುದಿಲ್ಲ, ಅಡುಗೆ ಮಾಡುವವರ ಎತ್ತರ ಎಷ್ಟು ಎಂದು ತಿರುಗಿ ಕೇಳುತ್ತಾರೆ. ನಿಂತಾಗ ಮೊಣಕೈ ಎತ್ತರ ಸುಮಾರಾಗಿ ದೇಹದ ಎತ್ತರದ 63 ಶೇಕಡಾ. ನಿಂತು ಮಾಡುವ ಹಗುರ ಕೆಲಸಕ್ಕೆ ಅದಕ್ಕಿಂತ 100ರಿಂದ 150 ಮಿ.ಮೀ. ಕೆಳಗೆ ಕಟ್ಟೆ ಇರಬೇಕು. 150 ಸೆಂ.ಮೀ. ಎತ್ತರದವರಿಗೆ ಇದು 800ರಿಂದ 850 ಆಗುತ್ತದೆ, 165 ಇರುವವರಿಗೆ 890ರಿಂದ 940. ರೊಟ್ಟಿ ತಟ್ಟುವುದು, ಹಿಟ್ಟು ನಾದುವುದು ಮೈಭಾರ ಹಾಕಿ ಮಾಡುವ ಕೆಲಸವಾದ್ದರಿಂದ ಇನ್ನೂ ತಗ್ಗಬೇಕು. ಇವರು ಸೋಲುವುದು ಇನ್ನೊಂದು ಕಡೆ: ಕೆಲಸಗಾರರಿಗೆ ಕೊಡುವ ವರ್ಕಿಂಗ್ ಡ್ರಾಯಿಂಗ್, ಗುತ್ತಿಗೆ ಕರಾರು, ಎಲೆಕ್ಟ್ರಿಕಲ್ ಮತ್ತು ಎಸಿಯವರ ಜೊತೆ ಹೊಂದಾಣಿಕೆ. ಕಚೇರಿ, ಆಸ್ಪತ್ರೆ, ಹೋಟೆಲಿನಂಥ ದೊಡ್ಡ ಕೆಲಸ ಮಾಡಿಸಿದ ಅನುಭವ ಈ ಕಡೆ ಅಪರೂಪ.

ಮೂರನೆಯವರು ಫರ್ನಿಚರ್ ಮತ್ತು ಪ್ರಾಡಕ್ಟ್ ಡಿಸೈನ್ ಓದಿದವರು. ಈ ಪರಂಪರೆಯ ತವರು 1961ರಲ್ಲಿ ಶುರುವಾದ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್). ಜಾರ್ಜ್ ನಕಾಶಿಮಾರಂಥ ಮರಗೆಲಸದ ಮಹಾನುಭಾವರು 1964ರಲ್ಲಿ ಅಲ್ಲಿಗೆ ಬಂದು ಪೀಠೋಪಕರಣ ಮಾಡಿದ್ದರು. ಇಂಥ ಮೇಷ್ಟ್ರು ಮೊದಲ ವಾರವೇ ವರ್ಕ್‌ಶಾಪಿಗೆ ಕಳಿಸುತ್ತಾರೆ, ಕುರ್ಚಿಯನ್ನು ಪೂರ್ಣ ಅಳತೆಯಲ್ಲಿ ಮಾಡಿಸುತ್ತಾರೆ, ಕೂತು ನೋಡು ಅನ್ನುತ್ತಾರೆ. ಮರ, ಲೋಹ, ಬೆತ್ತದ ಗುಣ ಕೈಯಿಂದ ಗೊತ್ತಾಗುತ್ತದೆ. ಆದರೆ ಕುರ್ಚಿಯ ಮೇಲಿನ ಛಾವಣಿಯಲ್ಲಿ ಏನು ಓಡುತ್ತಿದೆ ಎಂಬುದು ಎಷ್ಟೋ ಸಲ ಯಾರ ಪಾಠದಲ್ಲೂ ಬರುವುದಿಲ್ಲ. ಸ್ಲ್ಯಾಬಿನ ತಳ ನೆಲದಿಂದ 3150 ಮಿ.ಮೀ. ಇದೆ ಎನ್ನಿ. ಬೀಮ್ 450 ಇಳಿದರೆ 2700. ಅದರಡಿ 250ರ ಎಸಿ ಡಕ್ಟ್ (ತಂಪು ಗಾಳಿ ಓಡುವ ಕೊಳವೆ), ಮೇಲೂ ಕೆಳಗೂ 25ರ ಇನ್ಸುಲೇಶನ್ ಸೇರಿ 300: ಅಲ್ಲಿಗೆ 2400. ಇನ್ನು ಫಾಲ್ಸ್ ಸೀಲಿಂಗಿನ ಚೌಕಟ್ಟು, 12.5ರ ಜಿಪ್ಸಮ್ ಬೋರ್ಡು ಬಂದಾಗ 2335ಕ್ಕೆ ಇಳಿದಿರುತ್ತೀರಿ. ಎಸಿ ಕೋಣೆಯಲ್ಲಿ ಫಾಲ್ಸ್ ಸೀಲಿಂಗಿನ ಕೆಳಗೆ ಕನಿಷ್ಠ 2.4 ಮೀಟರ್ ಇರಬೇಕೆಂದು ಬಿಲ್ಡಿಂಗ್ ಕೋಡ್ ಹೇಳುತ್ತದೆ. ಡಕ್ಟನ್ನು ಬೀಮಿಗೆ ಅಡ್ಡ ಹಾಯಿಸದೆ ಅದರ ಪಕ್ಕದಲ್ಲೇ ಓಡಿಸುವಂತೆ ಕೋಣೆಗಳನ್ನು ಜೋಡಿಸಿದ್ದರೆ ಈ ಫಜೀತಿಯೇ ಇಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಬೀಮ್ ಕೊರೆಯುತ್ತೇವೆಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪುವುದಿಲ್ಲ. ಸರ್ವಿಸಸ್ (ಎಸಿ, ವಿದ್ಯುತ್, ನೀರಿನ ಏರ್ಪಾಡು) ವಿಷಯಕ್ಕೆ ಎಂಜಿನಿಯರಿಂಗ್ ಓದಿದ ಒಬ್ಬರಾದರೂ, ವಾರಕ್ಕೊಂದು ದಿನವಾದರೂ, ಬರುತ್ತಾರೆಯೇ ಎಂದು ನೋಡಬೇಕಾದ್ದು ಇದಕ್ಕೇ.

ಇವರೆಲ್ಲರ ಜೊತೆ ಸ್ವಂತ ಆಫೀಸು ನಡೆಸುತ್ತ ಪಾಠಕ್ಕೆ ಬರುವವರಿದ್ದಾರೆ. ವಿಸಿಟಿಂಗ್ ಫ್ಯಾಕಲ್ಟಿ ಇಲ್ಲದೆ ಯಾವ ಒಳ್ಳೆಯ ಡಿಸೈನ್ ಶಾಲೆಯೂ ನಡೆಯುವುದಿಲ್ಲ. ಇವತ್ತಿನ ರೇಟು, ಸೈಟಿನ ಜಗಳ, ಕ್ಲೈಂಟ್ ಹಣ ತಡೆಹಿಡಿದಾಗ ಏನು ಮಾಡಬೇಕು ಎಂಬ ಬುದ್ಧಿ ಇವರಿಂದಲೇ ಬರಬೇಕು. ಆದರೆ ಸೈಟ್ ಹಸ್ತಾಂತರದ ವಾರ ಇವರು ಕ್ಲಾಸಿಗೆ ಬರುವುದಿಲ್ಲ, ಸೆಮಿಸ್ಟರ್ ನಡುವೆ ಕೈಬಿಡುವುದೂ ಉಂಟು. ಗಂಟೆ ಲೆಕ್ಕದ ಸಂಭಾವನೆಯಲ್ಲಿ ಮನೆಗೆ ಕೊಂಡೊಯ್ದು ಡ್ರಾಯಿಂಗ್ ತಿದ್ದುವ ಹೊತ್ತು ಸೇರಿರುವುದಿಲ್ಲವಾದ್ದರಿಂದ ತಿದ್ದುಪಡಿಯೆಲ್ಲ ಬಾಯಿಮಾತಿನಲ್ಲೇ ಮುಗಿಯುತ್ತದೆ. ಪೂರ್ಣಾವಧಿಯ ಒಬ್ಬರು ಅದೇ ಸ್ಟುಡಿಯೊದಲ್ಲಿ ಜೊತೆಗಿದ್ದರೆ ಮಾತ್ರ ಈ ಏರ್ಪಾಡು ನಿಲ್ಲುತ್ತದೆ. ಸ್ಟುಡಿಯೊದ ಗಣಿತವನ್ನೂ ಮರೆಯಬೇಡಿ: ನಾಲ್ಕು ಗಂಟೆಯ ಸ್ಟುಡಿಯೊ ಅಂದರೆ 240 ನಿಮಿಷ. ಒಬ್ಬ ಮೇಷ್ಟ್ರಿಗೆ 15 ಮಕ್ಕಳಿದ್ದರೆ ತಲೆಗೆ 16 ನಿಮಿಷ, 40 ಇದ್ದರೆ 6 ನಿಮಿಷ. ಆರು ನಿಮಿಷದಲ್ಲಿ "ಚೆನ್ನಾಗಿದೆ, ಮುಂದುವರಿಸು" ಅನ್ನುವುದು ಬಿಟ್ಟು ಬೇರೇನೂ ಸಾಧ್ಯವಿಲ್ಲ.

ಇನ್ನು ನೌಕರಿಯ ಏಣಿ. ಯುಜಿಸಿಯ 2018ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಸ್ನಾತಕೋತ್ತರದಲ್ಲಿ 55 ಶೇಕಡಾ ಅಂಕ, ಜೊತೆಗೆ ನೆಟ್ ಅಥವಾ ಅದಕ್ಕೆ ಸಮನಾದದ್ದು. ನೆಟ್ ನಡೆಯದ ವಿಷಯಗಳಿಗೆ ಅದರಿಂದ ವಿನಾಯಿತಿ. ಇಂಟೀರಿಯರ್‌ನಲ್ಲಿ ಎಂ.ಡಿಸ್. (ಡಿಸೈನ್ ಸ್ನಾತಕೋತ್ತರ ಪದವಿ) ಮಾಡಿದವರು ವಿನಾಯಿತಿಗೆ ಸೇರುತ್ತಾರೋ, ವಿಷುವಲ್ ಆರ್ಟ್ಸ್ ನೆಟ್ ಬರೆದಿರಬೇಕೋ ಎಂಬ ಗೊಂದಲ ಹುಟ್ಟುವುದು ಇಲ್ಲೇ. ನೇಮಕಾತಿ ಪ್ರಕಟಣೆಯಲ್ಲಿ "ಸಂಬಂಧಿತ ವಿಷಯ" ಎಂದು ಯಾವುದನ್ನು ನಮೂದಿಸಿದ್ದಾರೆ ಎಂದು ಓದದೆ ಅರ್ಜಿ ಹಾಕಿದವರು ಪರಿಶೀಲನೆಯಲ್ಲೇ ಹೊರಬೀಳುತ್ತಾರೆ. ಏಳನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ, ಪ್ರೊಫೆಸರ್ ಹುದ್ದೆಗೆ 1,44,200. ಇದು ಯುಜಿಸಿ ಶ್ರೇಣಿ ಜಾರಿಯಲ್ಲಿರುವ ಕಡೆಯ ಮಾತು, ಖಾಸಗಿಯಲ್ಲಿ ಒಪ್ಪಂದವೇ ಕಾನೂನು.

ಪ್ರೊಫೆಸರ್ ಆಗಬೇಕಾದರೆ ಪಿಎಚ್‌ಡಿ, ಪ್ರಕಟಿತ ಲೇಖನ ಬೇಕೇ ಬೇಕು. ಚಂದದ ಡೀಟೇಲ್ ಬರೆಸಬಲ್ಲ ಮೇಷ್ಟ್ರು ಮೂವತ್ತೈದರ ಹೊತ್ತಿಗೆ ಪ್ರಾಕ್ಟೀಸ್ ಬಿಟ್ಟು ಥೀಸಿಸ್ ಹಿಡಿಯುವುದು ಈ ಕಾರಣಕ್ಕೆ. ಹತ್ತು ವರ್ಷದಲ್ಲಿ ಅವರ ಪ್ಲೈವುಡ್ ಜ್ಞಾನ ಹಳತಾಗಿರುತ್ತದೆ. ಬಯೋಡೇಟಾದಲ್ಲಿ ಇದು ಕಾಣದು. ಯೋಜನೆಗಳ ಪಟ್ಟಿಯ ಕೊನೆಯ ಇಸವಿ ನೋಡಿದರೆ ಕಾಣುತ್ತದೆ. ಇದನ್ನು ಸರಿದೂಗಿಸಲೆಂದೇ ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ದಾರಿ ತೆರೆಯಿತು. ಕನಿಷ್ಠ 15 ವರ್ಷದ ಅನುಭವ ಸಾಕು, ಡಿಗ್ರಿಯ ಕಟ್ಟಳೆ ಇಲ್ಲ. ಆದರೆ ಇಂಥವರು ಮಂಜೂರಾದ ಹುದ್ದೆಗಳ 10 ಶೇಕಡಾ ಮೀರುವಂತಿಲ್ಲ, ಒಟ್ಟು ಅವಧಿ ನಾಲ್ಕು ವರ್ಷ ದಾಟುವಂತಿಲ್ಲ, ಹಾಲಿ ಅಥವಾ ನಿವೃತ್ತ ಅಧ್ಯಾಪಕರಿಗೆ ಅವಕಾಶವಿಲ್ಲ. ಒಳ್ಳೆಯ ದಾರಿಯೇ, ಆದರೆ ಇಂಥ ಹುದ್ದೆಯ ಹೆಸರನ್ನು ಪ್ರಚಾರಕ್ಕೆ ಹಾಕಿಕೊಂಡು ಸೆಮಿಸ್ಟರಿಗೆ ಎರಡು ಭಾಷಣ ಮಾಡಿಸುವವರೂ ಇರುತ್ತಾರೆ. ಟೈಂಟೇಬಲ್ ಕೇಳಿ, ಹೆಸರು ಅದರಲ್ಲಿದೆಯೇ ನೋಡಿ.

ಮಗಳನ್ನು ಅಮೆರಿಕಕ್ಕೆ ಕಳಿಸುವ ಯೋಚನೆ ಇದ್ದವರಿಗೆ ಕೆಲಸ ಸ್ವಲ್ಪ ಹಗುರ. ಅಲ್ಲಿ ಇಂಟೀರಿಯರ್ ಡಿಸೈನ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಡಾ ಎಂಬ ಸಂಸ್ಥೆ ಇದೆ, 1970ರಲ್ಲಿ ಫೈಡರ್ ಹೆಸರಿನಲ್ಲಿ ಶುರುವಾದದ್ದು. ಇಂಟೀರಿಯರ್ ಡಿಸೈನ್ ಕಲಿಸುವವರಲ್ಲಿ ಹೆಚ್ಚಿನವರು ಅದೇ ವಿಷಯದ ಪದವೀಧರರಾಗಿರಬೇಕು, ಎನ್‌ಸಿಐಡಿಕ್ಯೂ ಎಂಬ ವೃತ್ತಿ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿರಬೇಕು ಎಂದು ಅದರ ಮಾನದಂಡ ಕೇಳುತ್ತದೆ. ಪದವಿ ಮುಗಿಸಿದವರು ಆ ಪರೀಕ್ಷೆಯನ್ನು ಪೂರ್ತಿ ದಾಟಲು 3,520 ಗಂಟೆಯ ಕೆಲಸದ ಅನುಭವ ತೋರಿಸಬೇಕು, ಅಂದರೆ ಹೆಚ್ಚುಕಡಿಮೆ ಎರಡು ವರ್ಷದ ಪೂರ್ಣಾವಧಿ ಕೆಲಸ. ಮೇಷ್ಟ್ರ ಹೆಸರಿನ ಮುಂದೆ ಆ ಅಕ್ಷರಗಳಿದ್ದರೆ ಇಷ್ಟಂತೂ ಖಾತ್ರಿ. ಅಲ್ಲಿ ಪಿಎಚ್‌ಡಿ ಬದಲು ಎಂಎಫ್‌ಎ (ಲಲಿತಕಲೆಯ ಸ್ನಾತಕೋತ್ತರ ಪದವಿ) ಮಾಡಿದವರೂ ಕಾಯಂ ಪ್ರೊಫೆಸರ್ ಆಗುತ್ತಾರೆ. ಅದನ್ನು ಕೊರತೆ ಎಂದು ತಿಳಿಯಬೇಡಿ.

ಇಲ್ಲಿ ಹಾಗೆ ಒಂದೇ ಮುದ್ರೆ ನೋಡಿ ತೀರ್ಮಾನಿಸಲು ಬರುವುದಿಲ್ಲವಾದ್ದರಿಂದ ಕಾಲೇಜಿಗೇ ಹೋಗಬೇಕು. ಎಸ್ಟಿಮೇಶನ್, ಅಂದರೆ ಖರ್ಚಿನ ಅಂದಾಜು, ಯಾರು ಕಲಿಸುತ್ತಾರೆ ಎಂದು ಮೊದಲು ಕೇಳಿ. ಬಹಳ ಕಡೆ ಅದು ಹೊಸದಾಗಿ ಸೇರಿದ ಲೆಕ್ಚರರ್ ತಲೆಗೆ ಬಿದ್ದಿರುತ್ತದೆ, ಅವರು ಪುಸ್ತಕ ನೋಡಿ ಇಟ್ಟಿಗೆ ಲೆಕ್ಕ ಹೇಳಿಕೊಡುತ್ತಾರೆ. ಬೇಕಾದ್ದು ಬೇರೆಯೇ: ಏಳು ಅಡಿ ಎತ್ತರ ಎಂಟು ಅಡಿ ಅಗಲದ ವಾರ್ಡ್‌ರೋಬನ್ನು ಕಾರ್ಪೆಂಟರ್ 56 ಚದರಡಿ ಎಂದು ಕೊಟೇಶನ್ ಕೊಟ್ಟಾಗ ಅದರಲ್ಲಿ ಲಾಫ್ಟ್ ಸೇರಿದೆಯೇ, ಒಳಗಡೆಯೂ ಲ್ಯಾಮಿನೇಟ್ ಬರುತ್ತದೆಯೇ, ಪ್ಲೈ ಸಾಮಾನ್ಯ ಬಳಕೆಯ ಐಎಸ್ 303ರದ್ದೋ ನೀರಿಗೆ ತಡೆಯುವ ಮರೀನ್ ದರ್ಜೆಯ 710ರದ್ದೋ, ಹಿಂಜ್ ಮತ್ತು ಚಾನೆಲ್ ಯಾರ ಖರ್ಚು ಎಂದು ಬಿಡಿಸಿ ಬರೆಯುವುದು. ಆಮೇಲೆ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯ ಪೂರ್ತಿ ಡ್ರಾಯಿಂಗ್ ಸೆಟ್ ತರಿಸಿ. ಬಣ್ಣಬಣ್ಣದ ರೆಂಡರಿಂಗ್ ಪಕ್ಕಕ್ಕಿಡಿ. ಸೀಲಿಂಗ್ ಪ್ಲಾನು, ಸ್ವಿಚ್ ಯಾವ ದೀಪಕ್ಕೆ ಎಂದು ತೋರಿಸುವ ಎಲೆಕ್ಟ್ರಿಕಲ್ ಲೇಔಟು, 1:5ರ ಮರಗೆಲಸದ ಡೀಟೇಲು, ಐಟಂವಾರು ಬಿಲ್ ಆಫ್ ಕ್ವಾಂಟಿಟೀಸ್ (ಸಾಮಾನು, ಕೆಲಸದ ಪ್ರಮಾಣದ ಪಟ್ಟಿ) ಇವಿಷ್ಟು ಇವೆಯೇ ನೋಡಿ. ಪ್ರತಿ ಹಾಳೆಯ ಮೂಲೆಯಲ್ಲಿ ತಿದ್ದಿದವರ ಸಹಿ ಇರುತ್ತದೆ. ಆ ಸಹಿಯವರನ್ನು ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ಅವರು ಈಗ ಎಲ್ಲಿದ್ದಾರೆ, ಅವರ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ವಿಭಾಗದ ಮುಖ್ಯಸ್ಥರನ್ನೇ ಕೇಳಿ.