ನಡುವೆ ಸೇರಿಸುವ ಹಾಡುಗಳು

2 ಜುಲೈ 2025, ಬುಧವಾರ
ಮಂಡ್ಯ

ನಿನ್ನೆ ಸಂಜೆಯಿಂದ ಪುಟ್ಟಿಯ ಕಾಲು ನೆಲಕ್ಕೆ ತಾಗುತ್ತಿಲ್ಲ. ಕೊರಿಯಾದ ಹಾಡಿನ ತಂಡ ಬಿಟಿಎಸ್‌ನ ಏಳೂ ಹುಡುಗರು ಸೈನ್ಯದ ಸೇವೆ ಮುಗಿಸಿ ವಾಪಸ್ ಬಂದಾಯ್ತು, ಬರುವ ವರ್ಷ ಹೊಸ ಆಲ್ಬಂ ಅಂತ ಲೈವ್‌ನಲ್ಲಿ ಹೇಳಿದರಂತೆ. ಸೆಕೆಂಡ್ ಪಿಯುಸಿ ಪುಸ್ತಕ ಮಡಚಿಟ್ಟು ಈಗಲೇ ತಯಾರಿ ನಡೆಸಿದ್ದಾಳೆ.

ಹಾಡು ಕೇಳೋಕೆ ಎಂಥ ತಯಾರಿ ಅಂತ ಕೇಳಿದೆ. ಆರ್ಮಿ ಅಂದರೆ ಬಿಟಿಎಸ್ ಅಭಿಮಾನಿಗಳ ಬಳಗ, ಅದರಲ್ಲಿ ಇದಕ್ಕೆ ನಿಯಮಗಳೇ ಇವೆಯಂತೆ. ಒಂದೇ ಹಾಡನ್ನು ಲೂಪ್‌ಗೆ ಹಾಕಬಾರದು. ಮ್ಯೂಟ್ ಮಾಡಬಾರದು. ನಡುನಡುವೆ ಬೇರೆ ಹಾಡು ಸೇರಿಸಿ ಪ್ಲೇಲಿಸ್ಟ್ ಕಟ್ಟಬೇಕು. ಇಲ್ಲದಿದ್ದರೆ ಮನುಷ್ಯರು ಕೇಳುತ್ತಿಲ್ಲ ಅಂತ ಲೆಕ್ಕದಿಂದ ತೆಗೆದುಬಿಡುತ್ತಾರಂತೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. 29ಕ್ಕೆ ಬಿಟ್ಟರೆ ಇಲ್ಲ.

30 ಸೆಕೆಂಡ್! ನಮ್ಮ ಭಾವಗೀತೆಗಳಲ್ಲಿ ಕೊಳಲು ಮುಗಿದು ದನಿ ಏಳೋಕೇ ಅಷ್ಟು ಹೊತ್ತು ಬೇಕು. ಈಗಿನ ಎಷ್ಟೋ ಹಾಡುಗಳು ಬಂದವೇ ಪಲ್ಲವಿಗೆ ಬೀಳುತ್ತವಲ್ಲ, ಈ ಲೆಕ್ಕವೂ ಅದಕ್ಕೊಂದು ಕಾರಣ. ನನಗದು ಹಿಡಿಸುವುದಿಲ್ಲ. ಮನೆಗೆ ಅಂಗಳ ಇದ್ದ ಹಾಗೆ ಹಾಡಿಗೂ ಒಂದಿಷ್ಟು ಜಾಗ ಬೇಕು.

"ಇಷ್ಟೆಲ್ಲ ಮಾಡಿದರೆ ನಿನಗೇನು ಸಿಗುತ್ತೆ?"

"ಇಂಡಿಯಾ ಚಾರ್ಟ್‌ನಲ್ಲಿ ಮೇಲೆ ಬರ್ತಾರಲ್ಲ ಚಿಕ್ಕಮ್ಮ."

2021ರ ಜೂನ್‌ನಲ್ಲಿ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿಯವರು ವಿದೇಶಿ ಹಾಡುಗಳಿಗೆ ವಾರದ ಪಟ್ಟಿ ಶುರು ಮಾಡಿದರು. ಸ್ಟ್ರೀಮ್‌ಗಳನ್ನು ಎಣಿಸಿ ಮಾಡುವ ಪಟ್ಟಿ. ಆ ದಿನಗಳಲ್ಲಿ ಬಿಟಿಎಸ್ ಹಾಡು 'ಬಟರ್' ಒಂದನೇ ಸ್ಥಾನದಲ್ಲಿತ್ತು. ಆನ್‌ಲೈನ್ ಕ್ಲಾಸಿಗೆ ಅಂತ ಕೊಡಿಸಿದ ಫೋನಿನಲ್ಲಿ ಇವಳೂ ಕೇಳಿದ್ದಳು. "ಅದರಲ್ಲಿ ನಂದೂ ಇದೆ" ಅಂದಳು. ಮುಖ ನೋಡಬೇಕಿತ್ತು.

ನಾನು ರೇಡಿಯೋ ಮಾತು ತೆಗೆದೆ. ಕೋರಿಕೆಯ ಹಾಡಿಗೆ ಆಕಾಶವಾಣಿಗೆ ಕಾರ್ಡು ಹಾಕುತ್ತಿದ್ದೆವು. ಹಾಡಿಗೆ ಮುಂಚೆ ಹೆಸರು, ಊರು ಓದುತ್ತಿದ್ದರು. ನಮ್ಮ ಹೆಸರು ಬಂದರೆ ಬೀದಿಗೆಲ್ಲ ಹೇಳಿಬರುತ್ತಿದ್ದೆವು. ನಿನ್ನ ಹೆಸರು ಯಾರು ಓದ್ತಾರೆ ಅಂತ ಕೇಳಿದೆ.

"ನನ್ನ ಹೆಸರು ಯಾಕೆ? ಅವರ ಹೆಸರು ಮೇಲೆ ಬಂದರೆ ಸಾಕು."

ಆಗಿನಿಂದ ಇದೇ ತಲೆಯಲ್ಲಿ ಕೂತಿದೆ. ನಾವು ಆ ವಯಸ್ಸಿನಲ್ಲಿ ಹೆಸರಿಗಾಗಿ ಎಷ್ಟು ಹಂಬಲಿಸಿದ್ದೆವು! ಇವಳು ತನ್ನ ಹೊತ್ತನ್ನೆಲ್ಲ ಯಾರಿಗೂ ಕಾಣದ ಲೆಕ್ಕಕ್ಕೆ ಸುರಿಯುತ್ತಾಳೆ. ದೊಡ್ಡ ಮನಸ್ಸು ಅನ್ನಿಸುತ್ತದೆ. ಎಲ್ಲೋ ಇರುವ ಕಂಪನಿಗೆ ಪುಕ್ಕಟೆ ದುಡಿಮೆ ಅಂತಲೂ ಅನ್ನಿಸಿ ಸಂಕಟವಾಗುತ್ತದೆ. ಪರೀಕ್ಷೆ ಬೇರೆ ಇದೆ.

ಕೆಆರ್‌ಎಸ್ ಈ ಸಲ ಜೂನ್‌ನಲ್ಲೇ ತುಂಬಿತು. ಭಾವನ ಮುಖ ನೋಡೋಕೇ ಖುಷಿ. ಊಟದ ಹೊತ್ತಲ್ಲಿ ನಾಲೆ ನೀರಿನ ಮಾತು ಬಿಟ್ಟು ಬೇರೆ ಮಾತಿಲ್ಲ.

ಮಲಗುವ ಮುಂಚೆ ಸುಮ್ನೆ ಕೇಳಿದೆ, ನಡುವೆ ಸೇರಿಸೋದು ಯಾವ ಹಾಡು ಅಂತ. "ಎಲ್ಲಾ ಕನ್ನಡವೇ. ಅವಕ್ಕೂ ಸ್ಟ್ರೀಮ್ ಬೀಳುತ್ತಲ್ವಾ?"

ಎಲ್ಲ ಹಾಡುಗಳೂ ಸೇರಿದ ದೇಶದ ಪಟ್ಟಿಯ ಮೇಲ್ತುದಿಯಲ್ಲಿ ಹಿಂದಿ, ಪಂಜಾಬಿಯೇ ಜಾಸ್ತಿ. ಕನ್ನಡ ಕಾಣೋದು ಅಪರೂಪ. ಕೊರಿಯಾದ ಹುಡುಗರ ನೆಪದಲ್ಲಿ ಮಂಡ್ಯದ ಈ ಕೋಣೆಯಿಂದ ಅಷ್ಟಾದರೂ ಸೇರುತ್ತಿದೆ. ನಾಳೆ ಅವಳ ಜೊತೆ ಕೂತು ಆ ಪ್ಲೇಲಿಸ್ಟ್ ನೋಡಬೇಕು. ಸಿ. ಅಶ್ವತ್ಥ್ ಇರಲೇಬೇಕು, ರತ್ನಮಾಲಾ ಪ್ರಕಾಶ್ ಇರಬೇಕು, ಆಮೇಲೆ ಮೈಸೂರು ಅನಂತಸ್ವಾಮಿಯವರದ್ದು