ಹೊಸ ಲ್ಯಾಪ್‌ಟಾಪ್‌ಗೆ ಡ್ರೈವ್: ವೇಗವೋ ಜಾಗವೋ, ಕೆಲಸ ಎಲ್ಲಿಗೆ ಬಂತು

ಹಂತ 1: ಮುಚ್ಚಳ ಬಿಚ್ಚಿ ನೋಡಿದ್ದು

ಒಳಗೆ 5400 ಆರ್‌ಪಿಎಂನ (ನಿಮಿಷಕ್ಕೆ 5400 ಸುತ್ತು ತಿರುಗುವ) 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಪಕ್ಕದಲ್ಲಿ ಒಂದು ಎಂ.2 ಸ್ಲಾಟ್ ಖಾಲಿ, ಅಂದರೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಕಾರ್ಡ್ ಕೂರಿಸುವ ಜಾಗ. 2280 ಅಳತೆ, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಕಾರ್ಡ್ ಕೂರುತ್ತದೆ. 2.5 ಇಂಚಿನ ಡಿಸ್ಕ್ ಕೂರುವ ಜಾಗದ ಎತ್ತರ 7 ಮಿ.ಮೀ. ಮಾತ್ರ. ಏನನ್ನಾದರೂ ಕೊಳ್ಳುವ ಮುಂಚೆ ಇದನ್ನು ಅಳೆದುಕೊಳ್ಳಲೇಬೇಕು, ಏಕೆಂದರೆ 9.5 ಮಿ.ಮೀ. ದಪ್ಪದ ಡಿಸ್ಕ್ ಹಾಕಿದರೆ ಮುಚ್ಚಳ ಮುಚ್ಚುವುದೇ ಇಲ್ಲ.

ಎಂ.2 ಸ್ಲಾಟ್ ಇದೆ ಎಂದಮಾತ್ರಕ್ಕೆ ಯಾವ ಕಾರ್ಡ್ ಬೇಕಾದರೂ ನಡೆಯುತ್ತದೆ ಎಂದಲ್ಲ. ಕೆಲವು ಸ್ಲಾಟ್ ಸಾಟಾ (ಹಳೆಯ, ನಿಧಾನದ ಸಂಪರ್ಕ) ಕಾರ್ಡ್‌ಗೆ ಮಾತ್ರ, ಕೆಲವು ಎನ್‌ವಿಎಂಇಗೆ (ಹೊಸ, ವೇಗದ ಬಗೆ) ಮಾತ್ರ, ಇನ್ನು ಕೆಲವು ಎರಡಕ್ಕೂ. ತಪ್ಪು ಕಾರ್ಡ್ ಕೂಡ ಸಲೀಸಾಗಿ ಕೂತುಬಿಡಬಹುದು, ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಹಾಕಿದೊಡನೆ ಮೊದಲು ಓಡುವ ಪ್ರೋಗ್ರಾಂ) ಮಾತ್ರ ಕಾಣುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ಈ ಸ್ಲಾಟ್ ಎನ್‌ವಿಎಂಇ, ಪಿಸಿಐಇ 3.0 (ಡೇಟಾ ಓಡುವ ದಾರಿಯ ಮೂರನೇ ಪೀಳಿಗೆ), ನಾಲ್ಕು ಲೇನ್. ಸೆಕೆಂಡಿಗೆ ಸುಮಾರು 3500 ಎಂಬಿ ಇದರ ಮಿತಿ. 4.0 ಕಾರ್ಡ್ ಹಾಕಿದರೂ ಓಡುತ್ತದೆ, ಆದರೆ 3.0ರ ವೇಗದಲ್ಲೇ. ಹಾಗಾಗಿ ಅದಕ್ಕೆ ಹೆಚ್ಚು ಹಣ ಸುರಿಯುವುದು ದಂಡ.

ಹಂತ 2: 7200 ಆರ್‌ಪಿಎಂ ಯೋಚನೆ ಕೈಬಿಟ್ಟಿದ್ದು

5400 ಆರ್‌ಪಿಎಂನಲ್ಲಿ ತಟ್ಟೆ ಒಂದು ಸುತ್ತು ಬರಲು 11.1 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 5.6 ಮಿಲಿಸೆಕೆಂಡ್. 7200ರಲ್ಲಿ ಅದು 4.2. ಉಳಿತಾಯ 1.4 ಮಿಲಿಸೆಕೆಂಡ್, ಅಷ್ಟೇ. ಹೆಡ್ ಅತ್ತಿತ್ತ ಸರಿಯಲು ಹಿಡಿಯುವ ಹತ್ತು-ಹನ್ನೆರಡು ಮಿಲಿಸೆಕೆಂಡ್ ಹೇಗಿತ್ತೋ ಹಾಗೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಇವೆರಡೂ ಇಲ್ಲ. ಸಣ್ಣ ಫೈಲ್ ಹುಡುಕಲು ಸುಮಾರು 0.1 ಮಿಲಿಸೆಕೆಂಡ್ ಸಾಕು. ಸಿಸ್ಟಂ ಶುರುವಾಗುವಾಗ ಓದುವುದು ಸಾವಿರಾರು ಸಣ್ಣ ಫೈಲ್‌ಗಳನ್ನೇ. ಆದ್ದರಿಂದ ಸಿಸ್ಟಂ ಎಸ್‌ಎಸ್‌ಡಿಗೆ, ಇದರಲ್ಲಿ ಎರಡನೇ ಮಾತಿಲ್ಲ.

ಹಾರ್ಡ್ ಡಿಸ್ಕನ್ನು 2 ಟಿಬಿಗೆ ಏರಿಸುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಟ್ಟಿದ್ದೇವೆ. 7 ಮಿ.ಮೀ. ದಪ್ಪದಲ್ಲಿ ಸಿಗುವ 2 ಟಿಬಿ ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು. ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕ್‌ನ ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನವನ್ನು ಎತ್ತಬೇಕಲ್ಲ, ಹಾಗೆಯೇ ಒಂದು ಟ್ರ್ಯಾಕ್ ತಿದ್ದಿದರೆ ಅದರ ಮೇಲೆ ಬಂದಿರುವವನ್ನೂ ಮತ್ತೆ ಬರೆಯಬೇಕು. ಒಮ್ಮೆ ತುಂಬಿಟ್ಟು ಆಮೇಲೆ ನೋಡುತ್ತಿರುವ ಫೋಟೊ, ವಿಡಿಯೊಗಳಿಗೆ ತೊಂದರೆಯಿಲ್ಲ. ದಿನವೂ ಬದಲಾಗುವ ಫೈಲ್‌ಗಳಿಗೆ ಬೇಡ.

ಹಂತ 3: ಎಷ್ಟು ಜಾಗ ಬೇಕು

ಸಿಸ್ಟಂ ಮತ್ತು ಪ್ರೋಗ್ರಾಂಗಳು 95 ಜಿಬಿ, ಈಗ ನಡೆಯುತ್ತಿರುವ ಕೆಲಸದ ಫೈಲ್‌ಗಳು 120, ಸುಮ್ಮನೆ ಇಟ್ಟಿರುವ ಫೋಟೊ-ವಿಡಿಯೊ 540. ವೇಗ ಬೇಕಿರುವುದು ಮೊದಲ ಎರಡಕ್ಕೆ, ಒಟ್ಟು 215.

256 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 238 ಎಂದು ಕಾಣುತ್ತದೆ. ಐದರಲ್ಲೊಂದು ಭಾಗ ಖಾಲಿ ಬಿಟ್ಟರೆ ಉಳಿಯುವುದು 190, ಸಾಲದು. 500 ಜಿಬಿ ಕಾರ್ಡ್ 465 ಎಂದು ಕಂಡರೂ 370ರಷ್ಟು ನಿಶ್ಚಿಂತೆಯಿಂದ ಬಳಸಬಹುದು. ಅದೇ ಮಾದರಿಯ ದೊಡ್ಡ ಕಾರ್ಡ್ ಬರೆಯುವುದರಲ್ಲಿ ಹೆಚ್ಚಾಗಿ ಚುರುಕು, ಏಕೆಂದರೆ ಏಕಕಾಲಕ್ಕೆ ಕೆಲಸ ಮಾಡುವ ಮೆಮೊರಿ ಚಿಪ್‌ಗಳು ಅದರಲ್ಲಿ ಜಾಸ್ತಿ. ಜಾಗ ಕೊಂಡರೆ ಒಂದಿಷ್ಟು ವೇಗವೂ ಜೊತೆಗೆ ಬರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

500 ಜಿಬಿ ಟಿಎಲ್‌ಸಿಯೋ (ಮೆಮೊರಿಯ ಒಂದು ಕೋಶದಲ್ಲಿ ಮೂರು ಬಿಟ್), 1 ಟಿಬಿ ಕ್ಯೂಎಲ್‌ಸಿಯೋ (ನಾಲ್ಕು ಬಿಟ್) ಎಂಬಲ್ಲಿ ಚರ್ಚೆ ಲಂಬಿಸಿತು. ಕ್ಯೂಎಲ್‌ಸಿ ಕಾರ್ಡ್ ತನ್ನ ಕ್ಯಾಷ್ (ಬರೆಯುವುದನ್ನು ಮೊದಲು ಬೇಗ ಹಾಕಿಕೊಳ್ಳುವ ಜಾಗ) ತುಂಬುವವರೆಗೆ ಚೆನ್ನಾಗಿಯೇ ಓಡುತ್ತದೆ. ತುಂಬಿದ ಮೇಲೆ ಕೆಲವು ಕಾರ್ಡ್‌ಗಳು ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ, ಹಾರ್ಡ್ ಡಿಸ್ಕ್ ಮಟ್ಟಕ್ಕೆ, ಕುಸಿಯುತ್ತವೆ. ಡ್ರೈವ್ ಭರ್ತಿಯಾದಷ್ಟೂ ಆ ಕ್ಯಾಷ್ ಕಿರಿದಾಗುತ್ತದೆ. ಇಲ್ಲಿ ವಿಡಿಯೊ ಎಡಿಟಿಂಗ್ ಇರುವುದರಿಂದ ಟಿಎಲ್‌ಸಿ ಆಯಿತು. ಬಾಳಿಕೆಯ ಚಿಂತೆ ಬೇಡ: 300 ಟಿಬಿ ಬರೆಯುವ ಖಾತರಿಯ ಕಾರ್ಡ್‌ಗೆ ದಿನಕ್ಕೆ 20 ಜಿಬಿ ಬರೆದರೂ ನಲವತ್ತು ವರ್ಷವಾಗುತ್ತದೆ.

ಹಂತ 4: ಕೂರಿಸಿದ್ದು

ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಕಾರ್ಡನ್ನು 30 ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಪಟ್ಟಿಗಳು ಪೂರ್ತಿ ಒಳಹೋಗುವಂತೆ ತಳ್ಳಿ, ಆಮೇಲೆ ಒತ್ತಿ ಸ್ಕ್ರೂ ಹಾಕಿ. ಕಾರ್ಡ್ ಬಾಗುತ್ತಿದೆ ಎನಿಸಿದರೆ ಅದು ಪೂರ್ತಿ ಒಳಹೋಗಿಲ್ಲ, ಬಿಗಿ ಮಾಡಬೇಡಿ.

ಕ್ಲೋನ್ (ಹಳೆಯ ಡಿಸ್ಕ್‌ನಲ್ಲಿದ್ದುದರ ಯಥಾಪ್ರತಿ) ಮಾಡಲಿಲ್ಲ, ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು. ಆ ಹೊತ್ತಿನಲ್ಲಿ ಹಳೆಯ ಡಿಸ್ಕ್‌ನ ಕೇಬಲ್ ಬಿಡಿಸಿಟ್ಟಿರಬೇಕು. ಇಲ್ಲವಾದರೆ ವಿಂಡೋಸ್ ತನ್ನ ಬೂಟ್ ಪಾರ್ಟಿಷನ್ನನ್ನು (ಶುರುವಾಗಲು ಬೇಕಾದ ಭಾಗ) ಹಳೆಯ ಡಿಸ್ಕ್‌ನಲ್ಲೇ ಇಟ್ಟುಬಿಡಬಹುದು. ಮುಂದೊಂದು ದಿನ ಆ ಡಿಸ್ಕ್ ತೆಗೆದರೆ ಲ್ಯಾಪ್‌ಟಾಪ್ ಏಳುವುದೇ ಇಲ್ಲ.

ಹಂತ 5: ಈಗಿನ ಸ್ಥಿತಿ

ಹಳೆಯ ಡಿಸ್ಕ್ ಮತ್ತೆ ಜೋಡಿಸಿ ಸ್ಮಾರ್ಟ್ ಅಂಕಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದರೆ, ಕೆಟ್ಟ ಜಾಗಗಳನ್ನು ಎಣಿಸುವ 05 ಮತ್ತು ಸಿ5 ಸೊನ್ನೆ, ಅಂದರೆ ತಟ್ಟೆ ಚೆನ್ನಾಗಿದೆ. ಆದರೆ ಸಿ7 ಮಾತ್ರ 14ರಿಂದ 31ಕ್ಕೆ ಏರಿತ್ತು. ಅದು ಕೇಬಲ್‌ನಲ್ಲಿ ಡೇಟಾ ಕೆಡುತ್ತಿರುವ ಲೆಕ್ಕ. ಬಿಚ್ಚಿ ನೋಡಿದಾಗ ರಿಬ್ಬನ್ ಕೇಬಲ್‌ನ ಒಂದು ಅಂಚು ಕೂದಲೆಳೆಯಷ್ಟು ಮೇಲೆ ನಿಂತಿತ್ತು, ಲಾಕ್ ಅರ್ಧವೇ ಬಿದ್ದಿತ್ತು. ಸರಿಯಾಗಿ ಕೂರಿಸಿ ಫೋಟೊ-ವಿಡಿಯೊದಲ್ಲಿ 200 ಜಿಬಿ ಕಾಪಿ ಮಾಡಿದ ಮೇಲೂ ಅಂಕಿ 31ರಲ್ಲೇ ಇದೆ. ಅದು ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಏರದಿದ್ದರೆ ಸಾಕು. ಉಳಿದ 340 ಜಿಬಿ ಕಾಪಿಯಾದ ಮೇಲೆ ಇನ್ನೊಮ್ಮೆ ನೋಡುವುದಿದೆ.